ಮಾವ ಲೋಕಸಭೆಗೆ ನಿಲ್ಲಬೇಕಾ? ನಿವೃತ್ತ ಕರ್ನಲ್ ಒಬ್ಬರ ವಿಷಯ, ಊರಿನವರ ಅಭಿಪ್ರಾಯ ಬೇಕು

ಕಾಪು ಕಡಲು:
ಎಲ್ಲರಿಗೂ ನಮಸ್ಕಾರ. ಮನೆಯ ವಿಷಯ ಇಲ್ಲಿ ಹಾಕುವುದು ಸರಿಯಾ ಅಂತ ಎರಡು ದಿನ ಯೋಚಿಸಿದೆ. ಆದರೆ ಇದು ಓಟಿನ ವಿಷಯ, ಓಟು ಹಾಕುವವರು ನೀವು. ಹಾಗಾಗಿ ಕೇಳುತ್ತಿದ್ದೇನೆ.

ನನ್ನ ಸೋದರಮಾವ 29 ವರ್ಷ ಸೇನೆಯಲ್ಲಿದ್ದು ಕರ್ನಲ್ ಆಗಿ ನಿವೃತ್ತರಾದವರು. ಮೂರು ವರ್ಷದಿಂದ ಕಾಪುವಿನ ಹಳೆ ಮನೆಯಲ್ಲೇ ಇದ್ದಾರೆ. ಕಳೆದ ತಿಂಗಳು ಒಂದು ಭಾನುವಾರ ಊರಿನ ಹದಿನೈದು ಜನ ಒಟ್ಟಿಗೆ ಮನೆಗೆ ಬಂದರು. "ಸಾಹೇಬ್ರೇ, ಮುಂದಿನ ಲೋಕಸಭೆಗೆ ಉಡುಪಿ-ಚಿಕ್ಕಮಗಳೂರಿನಿಂದ ನೀವು ನಿಲ್ಲಬೇಕು. ಪಕ್ಷ ಬೇಡ, ಪಕ್ಷೇತರರಾಗಿಯೇ ನಿಲ್ಲಿ, ನಾವೆಲ್ಲ ಇದ್ದೇವೆ" ಅಂದರು. ಒಳಗೆ ಚಹಾ ಮಾಡುತ್ತಿದ್ದ ಅತ್ತೆ ಸ್ಟವ್ ಆರಿಸಿ ಬಾಗಿಲಿಗೆ ಬಂದು ನಿಂತರು. ಮಾವ ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ಬಂದವರಲ್ಲಿ ಒಬ್ಬರು ಬ್ಯಾನರಿಗೆ ಯೂನಿಫಾರ್ಮಿನ ಫೋಟೋ ಒಂದು ಬೇಕು ಅಂದಾಗ ಮಾತ್ರ ಕೂಡಲೇ "ಅದು ಆಗುವುದಿಲ್ಲ" ಅಂದರು.

ಆ ದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ನನಗೆ ಅವರ ಮೇಲೆ ತುಂಬ ಗೌರವ ಉಂಟು. ಆದರೆ ಗೌರವಕ್ಕೂ ಓಟಿಗೂ ವ್ಯತ್ಯಾಸ ಇರಬೇಕಲ್ಲ? ಸೇನೆಯಿಂದ ಬಂದವರು ಓಟು ಕೇಳಿದರೆ ನೀವು ಏನು ನೋಡಿ ಕೊಡುತ್ತೀರಿ, ಹೇಳಿ. ಮಾವನಿಗೂ ಇದನ್ನು ಓದಿಸುತ್ತೇನೆ.

ದುಬೈ ಮೂಡುಬಿದಿರೆ:
ನಿಲ್ಲಲೇಬೇಕು! ಇದರಲ್ಲಿ ಕೇಳಲಿಕ್ಕೆ ಎಂತ ಉಂಟು ಮಾರಾಯ್ರೇ? ಶಿಸ್ತು, ಸಮಯಪಾಲನೆ, ಕೈ ಶುದ್ಧ. ನಮ್ಮ ದಕ್ಷಿಣ ಕನ್ನಡದಲ್ಲಿ 2024ಕ್ಕೆ ಕ್ಯಾಪ್ಟನ್ ಬ್ರಿಜೇಶ್ ಚೌಟ ಗೆದ್ದು ಹೋಗಲಿಲ್ಲವಾ? ಗೂರ್ಖಾ ರೈಫಲ್ಸ್‌ನಲ್ಲಿ ಇದ್ದವರು. ಹೆಸರಿನ ಮುಂದೆ ಕ್ಯಾಪ್ಟನ್ ಅಂತ ಇದ್ದರೆ ಜನರಿಗೆ ಒಂದು ಧೈರ್ಯ.

ನಿವೃತ್ತ ಬ್ಯಾಂಕರ್, ಬಲ್ಮಠ:
ಲೆಕ್ಕ ನೋಡುವ. ಚೌಟರು ಗೆದ್ದದ್ದು 1,49,208 ಮತಗಳ ಅಂತರದಿಂದ. ಅದೇ ಕ್ಷೇತ್ರದಲ್ಲಿ 2019ಕ್ಕೆ ಅದೇ ಬಿಜೆಪಿಯ ನಳಿನ್ ಕುಮಾರ್ ಕಟೀಲರ ಅಂತರ 2,74,621. ಅವರು ಸೇನೆಯವರಲ್ಲ. 1991ರಿಂದ ಮಂಗಳೂರಿನ ಸೀಟು ಬೇರೆ ಪಕ್ಷಕ್ಕೆ ಹೋಗಿಯೇ ಇಲ್ಲ. ಚೌಟರ ಸೇವೆಯನ್ನು ಕಡಿಮೆ ಮಾಡಲಿಕ್ಕೆ ಹೇಳುತ್ತಿಲ್ಲ, ಅವರು ಪಕ್ಷದಲ್ಲೂ ವರ್ಷಗಟ್ಟಲೆ ದುಡಿದವರು. ರ‍್ಯಾಂಕ್ ಒಂದರಿಂದಲೇ ಓಟು ಬೀಳುತ್ತದೆ ಅಂತ ಕರ್ನಲ್ ಸಾಹೇಬರು ನಂಬಬಾರದು, ಅಷ್ಟೇ.

ಪಕ್ಷೇತರರಾಗಿ ನಿಂತ ಸೇನಾಧಿಕಾರಿ ಬೇಕಾದರೆ ಕ್ಯಾಪ್ಟನ್ ಗೋಪಿನಾಥ್ ಇದ್ದಾರೆ. 1971ರ ಯುದ್ಧ ನೋಡಿದವರು, ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು, ದೇಶಕ್ಕೆಲ್ಲ ಗೊತ್ತಿದ್ದ ಹೆಸರು. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ನಿಂತು ಸೋತರು. ಪಂಜಾಬಿನಲ್ಲಿ ಜನರಲ್ ಜೆ.ಜೆ. ಸಿಂಗ್, ಭೂಸೇನೆಯ ಮುಖ್ಯಸ್ಥರಾಗಿದ್ದವರು, 2017ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಷದ ಟಿಕೆಟ್ ಇದ್ದೂ ಪಟಿಯಾಲದಲ್ಲಿ ಠೇವಣಿ ಕಳಕೊಂಡರು. ಅವರನ್ನು ಸೋಲಿಸಿದ ಅಮರಿಂದರ್ ಸಿಂಗ್ ಕೂಡ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವರೇ. ಅಲ್ಲಿ ಜನರಲ್ ಎದುರು ಕ್ಯಾಪ್ಟನ್ ಗೆದ್ದದ್ದು.

ಪುತ್ತೂರಿನ ನಿವೃತ್ತ ಮೇಷ್ಟ್ರು:
ಅಷ್ಟು ದೂರ ಹೋಗುವುದು ಯಾಕೆ, ನಮ್ಮ ನೆರೆಯ ಕೊಡಗಿನ ಕಾರ್ಯಪ್ಪನವರನ್ನೇ ನೋಡಿ. 1949ರ ಜನವರಿ 15ಕ್ಕೆ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು. ಅವರಿಗಿಂತ ದೊಡ್ಡ ಸೈನಿಕನ ಹೆಸರು ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ ಅಂದರೂ ತಪ್ಪಾಗಲಿಕ್ಕಿಲ್ಲ. 1971ರಲ್ಲಿ ಅವರು ಮುಂಬಯಿಯಲ್ಲಿ ಲೋಕಸಭೆಗೆ ನಿಂತು ಸೋತರು. ಆ ಸೋಲಿನಿಂದ ಅವರ ಗೌರವಕ್ಕೆ ಏನೂ ಆಗಲಿಲ್ಲ. 1986ರಲ್ಲಿ ಸರಕಾರ ಅವರನ್ನು ಫೀಲ್ಡ್ ಮಾರ್ಷಲ್ ಮಾಡಿತು. ಕರ್ನಲ್ ಅವರ ಮನೆಯವರು ಸೋಲಿನ ಹೆದರಿಕೆಯಿಂದ ಬೇಡ ಅನ್ನುವುದಾದರೆ ಇದನ್ನೊಮ್ಮೆ ನೆನಪು ಮಾಡಿಕೊಳ್ಳಲಿ.

ಇನ್ನೊಂದು ಮಾತು. 2008ರ ಕ್ಷೇತ್ರ ವಿಂಗಡಣೆಯವರೆಗೆ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದ ಒಳಗೇ ಇತ್ತು. ಮಿಲಿಟರಿಯವರ ಮನೆ ಅಂದರೆ ಏನು ಅಂತ ಆಗ ನಮ್ಮ ರಾಜಕಾರಣಿಗಳಿಗೆ ಮಡಿಕೇರಿ, ವಿರಾಜಪೇಟೆಗೆ ಹೋದಾಗಲಾದರೂ ಗೊತ್ತಾಗುತ್ತಿತ್ತು. ಕರಾವಳಿಯಲ್ಲಿ ಮಕ್ಕಳನ್ನು ಬ್ಯಾಂಕಿಗೆ, ಮುಂಬಯಿಗೆ, ಗಲ್ಫಿಗೆ ಕಳಿಸಿದಷ್ಟು ಸೇನೆಗೆ ಕಳಿಸಿದವರಲ್ಲ ನಾವು. ಹಾಗಾಗಿ ನಮಗೆ ಸೇನಾಧಿಕಾರಿ ಅಂದರೆ ದೂರದ ಬೆಟ್ಟ. ನಮಸ್ಕಾರ ಮಾಡುತ್ತೇವೆ, ಪ್ರಶ್ನೆ ಕೇಳುವುದಿಲ್ಲ.

ಹಂಪನಕಟ್ಟೆ ವಕೀಲೆ:
ಕಾನೂನಿನ ಮಾತು ಹೇಳಿಬಿಡುತ್ತೇನೆ, ಮತ್ತೆ ನೀವು ಮುಂದುವರಿಸಿ.

ಸೇವೆಯಲ್ಲಿರುವಾಗ ರಾಜಕೀಯ ಸಭೆಯಲ್ಲಿ ಭಾಗವಹಿಸುವುದನ್ನೇ 1954ರ ಸೇನಾ ನಿಯಮಗಳು ತಡೆಯುತ್ತವೆ, ಅಭ್ಯರ್ಥಿಯಾಗುವುದು ದೂರದ ಮಾತು. ನಿವೃತ್ತರಾದ ಮೇಲೆ ತಡೆ ಇಲ್ಲ. ಹಿರಿಯ ಅಧಿಕಾರಿಗಳು ಖಾಸಗಿ ಕಂಪೆನಿ ಸೇರಬೇಕಾದರೆ ಒಂದು ವರ್ಷದವರೆಗೆ ಸರಕಾರದ ಅನುಮತಿ ಬೇಕು, ಪಕ್ಷ ಸೇರಲಿಕ್ಕೆ ಒಂದು ದಿನವೂ ಕಾಯಬೇಕಾಗಿಲ್ಲ. ಜನರಲ್ ವಿ.ಕೆ. ಸಿಂಗ್ 2012ರ ಮೇ ಕೊನೆಗೆ ನಿವೃತ್ತರಾಗಿ 2014ರಲ್ಲಿ ಗಾಜಿಯಾಬಾದಿನ ಸಂಸದರಾದರು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಸೇನಾ ಮುಖ್ಯಸ್ಥರಾಗಿದ್ದವರಿಗೆ ಎರಡು ಮೂರು ವರ್ಷದ ಅಂತರ ಇರಬೇಕು. ಕುರ್ಚಿಯಲ್ಲಿ ಕೂತು ಕೊಟ್ಟ ಸಲಹೆ ಯಾರಿಗಾಗಿ ಕೊಟ್ಟದ್ದು ಅನ್ನುವ ಸಂಶಯ ಹುಟ್ಟಲೇಬಾರದು. ನಿಮ್ಮ ಮಾವನದ್ದು ಮೂರು ವರ್ಷ ಕಳೆದಿದೆ, ಆ ಪ್ರಶ್ನೆ ಇಲ್ಲ.

ಠೇವಣಿ 25,000 ರೂಪಾಯಿ. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಪಾಲು ಬಾರದಿದ್ದರೆ ಅದು ವಾಪಸು ಸಿಗುವುದಿಲ್ಲ. ಪಕ್ಷೇತರರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಿ ಸಹಿ ಹಾಕಬೇಕು. ಕಳೆದ ಚುನಾವಣೆಯಲ್ಲಿ ಖರ್ಚಿನ ಮಿತಿ 95 ಲಕ್ಷ ಇತ್ತು. ಬಂದ ಹದಿನೈದು ಜನ "ನಾವಿದ್ದೇವೆ" ಅಂದರಲ್ಲ, ಯಾವುದಕ್ಕೆ ಇದ್ದಾರೆ ಅಂತ ಸ್ಪಷ್ಟ ಕೇಳಿಕೊಳ್ಳಿ.

ಫೋಟೋ ವಿಷಯದಲ್ಲಿ ನಿಮ್ಮ ಮಾವ ಮಾಡಿದ್ದು ನೂರಕ್ಕೆ ನೂರು ಸರಿ. ರಕ್ಷಣಾ ಪಡೆಗಳ ಸಿಬ್ಬಂದಿಯ ಚಿತ್ರ ಪ್ರಚಾರಕ್ಕೆ ಬಳಸಬೇಡಿ ಅಂತ ಚುನಾವಣಾ ಆಯೋಗ 2013ರ ಡಿಸೆಂಬರಿನಲ್ಲಿ ಪಕ್ಷಗಳಿಗೆ ಬರೆದಿತ್ತು, 2019ರ ಮಾರ್ಚ್ 9ಕ್ಕೆ ಮತ್ತೊಮ್ಮೆ ನೆನಪಿಸಿತು. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೋ ಬರುತ್ತದಲ್ಲ, ಅದರಲ್ಲೂ ಯೂನಿಫಾರ್ಮಿಗೆ ಅವಕಾಶ ಇಲ್ಲ. ಸಾದಾ ಬಟ್ಟೆಯಲ್ಲೇ ತೆಗೆಸಬೇಕು.

ಹವಾಲ್ದಾರ್, ಕದ್ರಿ:
ಇಷ್ಟೊತ್ತು ಓದುತ್ತಾ ಇದ್ದೆ, ಈಗ ಬರೆಯುತ್ತೇನೆ. ನಾನು ಆಫೀಸರ್ ಅಲ್ಲ. 24 ವರ್ಷ ಸಿಗ್ನಲ್ಸ್‌ನಲ್ಲಿದ್ದು ಹವಾಲ್ದಾರ್ ಆಗಿ ಬಂದವ. ಪ್ರತಿ ಜುಲೈ 26ಕ್ಕೆ ಕದ್ರಿಯ ಯುದ್ಧ ಸ್ಮಾರಕಕ್ಕೆ ಹೋಗುತ್ತೇನೆ. ಅಲ್ಲಿ ಹೂವು ಇಡಲಿಕ್ಕೆ ಬರುವ ಎಲ್ಲ ಪಕ್ಷದವರನ್ನೂ ನೋಡಿದ್ದೇನೆ.

ನಮ್ಮ ಯುನಿಟ್‌ನಲ್ಲಿ ತಿಂಗಳಿಗೊಮ್ಮೆ ಸೈನಿಕ್ ಸಮ್ಮೇಳನ ಆಗುತ್ತಿತ್ತು. ಯುನಿಟ್ ನಡೆಸುವ ಸಿಒ ಸಾಹೇಬರು ಎದುರಿಗೆ, ನಾವೆಲ್ಲ ನೆಲದಲ್ಲಿ ಸಾಲಾಗಿ. ಕೊನೆಗೆ ಸಾಹೇಬರು "ಕೋಯಿ ಪಾಯಿಂಟ್?" ಅಂತ ಕೇಳುತ್ತಾರೆ. ಯಾರೂ ಏಳುವುದಿಲ್ಲ. ಏಳಬೇಕಾದವ ಮೊದಲೇ ಸೀನಿಯರ್ ಜೆಸಿಒ (ಜವಾನರಿಗೂ ಆಫೀಸರಿಗೂ ನಡುವಿನ ರ‍್ಯಾಂಕಿನವರು) ಹತ್ತಿರ ಪಾಯಿಂಟ್ ಹೇಳಿ, ಅವರು ಹ್ಞೂಂ ಅಂದರೆ ಮಾತ್ರ ಏಳುವುದು. ಹೀಗೆ 25-30 ವರ್ಷ ಆಫೀಸರಿಗೆ ಎದುರಿಗೆ ಕೇಳುವುದು ಮೌನ. ಒಳ್ಳೆಯ ಆಫೀಸರಿಗೆ ಆ ಮೌನ ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಅವನು ಸಮ್ಮೇಳನ ಮುಗಿಸಿ ಲಂಗರಿಗೆ, ಅಂದರೆ ಜವಾನರ ಊಟದ ಮನೆಗೆ, ಬಂದು ನಮ್ಮೊಟ್ಟಿಗೆ ದಾಲ್ ತಿಂದು, "ಈಗ ಹೇಳು" ಅನ್ನುತ್ತಾನೆ. ನನಗೆ ಅಂಥ ಇಬ್ಬರು ಸಿಕ್ಕಿದ್ದರು. ಎತ್ತರದ ಪೋಸ್ಟ್ ಒಂದರಲ್ಲಿ, ಚಳಿ ಕಾಯಿಸುವ ಸೀಮೆಎಣ್ಣೆ ಬುಖಾರಿಯ ಹೊಗೆಯಲ್ಲಿ, ಕೊನೆಯ ಜವಾನ ತಟ್ಟೆ ಹಿಡಿದ ಮೇಲೆಯೇ ತಾನು ತಟ್ಟೆ ಮುಟ್ಟುತ್ತಿದ್ದ ಮೇಜರ್ ಒಬ್ಬರು. ಅವರು ಎಲ್ಲಿ ನಿಂತರೂ ನನ್ನ ಓಟು ಅವರಿಗೆ.

ಹಾಗಲ್ಲದವರನ್ನೂ ನೋಡಿದ್ದೇನೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ಮಿಲಿಟರಿ ಕ್ಯಾಂಟೀನ್‌ನಲ್ಲಿ ಸಾಲು ನಿಲ್ಲುವುದಿಲ್ಲ, ಮುದುಕ ಸಿಪಾಯಿಗಳು ಬಿಸಿಲಲ್ಲಿ ನಿಂತಿದ್ದರೆ ಪಕ್ಕದ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ನನ್ನ ಅಮ್ಮನನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ರೆಫರಲ್ ಹಿಡಿದು ಒಂದು ಆಸ್ಪತ್ರೆಗೆ ಕರಕೊಂಡು ಹೋದೆ. ಬಿಲ್ಲು ಬಾಕಿ ಉಂಟು, ಕಾರ್ಡ್ ನಡೆಯುವುದಿಲ್ಲ, ದುಡ್ಡು ಕಟ್ಟಿ ಅಂದರು. ಅಮ್ಮ ಗಾಲಿಕುರ್ಚಿಯಲ್ಲಿ, ಕೈಯಲ್ಲಿ ಆ ಕಾರ್ಡ್ ಹಿಡಿದುಕೊಂಡೇ ಇದ್ದರು. ಮಗನ ನೌಕರಿಯಿಂದ ಬಂದ ಕಾರ್ಡ್ ಅಂತ ಅವರಿಗೆ ಅದರ ಮೇಲೆ ಬಹಳ ಹೆಮ್ಮೆ ಇತ್ತು. ಆ ದಿನ ನನಗೆ ಗೊತ್ತಿದ್ದ ಇಬ್ಬರು ನಿವೃತ್ತ ಆಫೀಸರುಗಳಿಗೆ ಫೋನ್ ಮಾಡಿದೆ. ಒಬ್ಬರು ಬಂದರು. ಬಂದವರು ಸಣ್ಣ ರ‍್ಯಾಂಕಿನವರು.

ನಿಮ್ಮ ಮಾವ ಓಟು ಕೇಳಲಿಕ್ಕೆ ಬರುವ ಮೊದಲು ಈ ಮೂರು ವರ್ಷದಲ್ಲಿ ಎಷ್ಟು ಜವಾನರ ಮನೆಗೆ ಹೋಗಿದ್ದಾರೆ, ಕೇಳಿ ನೋಡಿ. ಕೋಪದಲ್ಲಿ ಹೇಳುತ್ತಿಲ್ಲ ಮಗಾ. ಅವರು ಒಳ್ಳೆಯವರೇ ಇರಬಹುದು. ನಮಗೆ ನೋಡಲಿಕ್ಕೆ ಇರುವುದು ಅದೊಂದೇ.

ದುಬೈ ಮೂಡುಬಿದಿರೆ:
ಹವಾಲ್ದಾರ್ ಸಾಹೇಬ್ರೇ, ಓದಿ ಕಣ್ಣು ತುಂಬಿತು. ಅಮ್ಮ ಈಗ ಹೇಗಿದ್ದಾರೆ?

ಹವಾಲ್ದಾರ್, ಕದ್ರಿ:
ಹೋದ ವರ್ಷ ತೀರಿಕೊಂಡರು.

ಮಣಿಪಾಲದಲ್ಲಿರುವ ಶೃಂಗೇರಿಯವಳು:
ಹವಾಲ್ದಾರ್ ಸರ್, ನಿಮಗೆ ನನ್ನ ನಮಸ್ಕಾರ.

ಕಾಪುವಿನ ಅಣ್ಣನಿಗೆ ಒಂದು ಮಾತು. ಇಲ್ಲಿ ಎಲ್ಲರೂ ಕರಾವಳಿಯಿಂದಲೇ ಯೋಚನೆ ಮಾಡುತ್ತಿದ್ದೀರಿ. ಈ ಕ್ಷೇತ್ರದಲ್ಲಿ ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಇದ್ದಷ್ಟೇ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಯೂ ಉಂಟು. ಎಂಟರಲ್ಲಿ ನಾಲ್ಕು ಘಟ್ಟದ ಮೇಲೆ. ಅಲ್ಲಿ ತುಳು ನಡೆಯುವುದಿಲ್ಲ, ಮೀನಿನ ಬಂದರಿನ ಮಾತು ತಾಗುವುದಿಲ್ಲ.

ನಮ್ಮದು ಎರಡು ಎಕರೆ ಅಡಿಕೆ ತೋಟ. ಹಳದಿ ಎಲೆ ರೋಗ ನನ್ನ ಅಜ್ಜನ ಕಾಲದ್ದು. ಈಗ ಅದರ ಮೇಲೆ ಎಲೆಚುಕ್ಕಿ. ಮರದ ತಲೆ ನೋಡಿದರೆ ಸುಟ್ಟ ಹಾಗೆ ಕಾಣುತ್ತದೆ. ಅಪ್ಪ ಬೆಳಿಗ್ಗೆ ತೋಟಕ್ಕೆ ಹೋದವರು ಮೇಲೆ ನೋಡುವುದನ್ನೇ ಬಿಟ್ಟಿದ್ದಾರೆ. ಬೆಲೆಯಾದರೂ ನಿಲ್ಲಲಿ ಅಂದರೆ ಅದು ದೆಹಲಿಯ ಕೈಯಲ್ಲಿ ಇರುವ ವಿಷಯ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಬಾಗಿಲು ತೆರೆದರು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಒಂದು ಅಧಿಸೂಚನೆಯಲ್ಲಿ ನಮ್ಮ ಮನೆಯ ವರ್ಷದ ಲೆಕ್ಕ ಏರುಪೇರಾಗುತ್ತದೆ.

ಇದರಲ್ಲಿ ಕರ್ನಲ್ ಅವರ ಅನುಭವ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ ನಾನು ತಿಳಿಯಲಿಕ್ಕಾಗಿಯೇ ಕೇಳುತ್ತಿದ್ದೇನೆ. ಬರಬಹುದು. ಗಡಿಯಲ್ಲಿ ಕೆಲಸ ಮಾಡಿದವರಿಗೆ ಕಳ್ಳಸಾಗಣೆ ಹೇಗೆ ಆಗುತ್ತದೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬರ್ಮಾ ಕಡೆಯಿಂದ ಒಳಗೆ ಬರುವ ಅಡಿಕೆಯ ಬಗ್ಗೆ ಸಂಸತ್ತಿನಲ್ಲಿ ನಿಂತು ಅವರು ಮಾತಾಡಿದರೆ ಆ ಮಾತಿಗೆ ತೂಕ ಇರುತ್ತದೆ. ಆದರೆ ಮೊದಲು ಒಂದು ಸಲ ತೋಟ ನೋಡಬೇಕು.

ಬೈಂದೂರು ಹುಡುಗ:
ನನ್ನ ಓಟು ನಿಮ್ಮ ಮಾವನಿಗೆ ಬರುವುದಿಲ್ಲ, ನಮ್ಮ ಬೈಂದೂರು ಜಿಲ್ಲೆಗೆ ಉಡುಪಿ, ಲೋಕಸಭೆಗೆ ಶಿವಮೊಗ್ಗ. ಆದರೂ ಕೇಳಬೇಕು ಅನಿಸಿತು. ನಾನು ಅಗ್ನಿವೀರ್ ಭರ್ತಿಗೆ ತಯಾರಿ ಮಾಡುತ್ತಾ ಇದ್ದೇನೆ. ಮರವಂತೆ ಬೀಚಿನಲ್ಲಿ ದಿನಾ ಓಡುತ್ತೇನೆ. ನಾಲ್ಕು ವರ್ಷ ಆದ ಮೇಲೆ ನೂರರಲ್ಲಿ 25 ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸೇವಾ ನಿಧಿ ಅಂತ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ಅಮ್ಮ "ಮತ್ತೆ ಎಂತ ಮಾಡ್ತೆ?" ಅಂತ ಕೇಳುತ್ತಾಳೆ, ನನ್ನ ಹತ್ತಿರ ಉತ್ತರ ಇಲ್ಲ. ಸೇನೆಯಿಂದ ಸಂಸತ್ತಿಗೆ ಹೋಗುವವರು ಈ ವಿಷಯದಲ್ಲಿ ಎಂತ ಹೇಳುತ್ತಾರೆ? ಒಳ್ಳೆಯದು ಅಂದರೂ ಸರಿ, ಸರಿ ಇಲ್ಲ ಅಂದರೂ ಸರಿ. ಆದರೆ ಬಾಯಿ ಬಿಟ್ಟು ಹೇಳಲಿ. ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲವಲ್ಲ.

ನಿವೃತ್ತ ಬ್ಯಾಂಕರ್, ಬಲ್ಮಠ:
ತಮ್ಮಾ, ಮುಖ್ಯವಾದ ಪ್ರಶ್ನೆಯನ್ನು ನೀನೇ ಕೇಳಿದೆ. ಅದರ ಮೇಲೆಯೇ ಬರೆಯುತ್ತೇನೆ.

ಸೈನಿಕನಿಗೆ ಮೇಲಿನಿಂದ ಆದೇಶ ಬಂದರೆ ಪಾಲಿಸಬೇಕು. ಅಲ್ಲಿ ಅದು ಸರಿ, ಇಲ್ಲದಿದ್ದರೆ ಸೇನೆ ನಡೆಯುವುದಿಲ್ಲ. ಸಂಸತ್ತಿಗೆ ಕಳಿಸುವುದು ಕೇಳಲಿಕ್ಕೆ. ಆದರೆ ಅಲ್ಲಿಯೂ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಉಂಟು. ವಿಪ್, ಅಂದರೆ ಪಕ್ಷದ ಆದೇಶ, ಬಂದರೆ ಅದರಂತೆ ಮತ ಹಾಕಬೇಕು, ಇಲ್ಲವಾದರೆ ಸದಸ್ಯತ್ವಕ್ಕೇ ಕುತ್ತು. 30 ವರ್ಷ ಆದೇಶ ಪಾಲಿಸಿ ರೂಢಿಯಾದವರು ಅಲ್ಲಿ ಹೋಗಿ ಇನ್ನೊಂದು ಆದೇಶ ಪಾಲಿಸುತ್ತಾ ಕೂತರೆ ನಮಗೆ ಏನು ಸಿಕ್ಕಿತು?

ಹಾಗೆ ಕೂರದವರೂ ಇದ್ದಾರೆ. ಮೇಜರ್ ಜನರಲ್ ಬಿ.ಸಿ. ಖಂಡೂರಿ, ಸೇನೆಯ ಎಂಜಿನಿಯರಿಂಗ್ ವಿಭಾಗದವರು. ವಾಜಪೇಯಿ ಸರಕಾರದಲ್ಲಿ ಹೆದ್ದಾರಿ ಖಾತೆ ನೋಡಿದವರು. 2018ರಲ್ಲಿ ರಕ್ಷಣಾ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದರು. ಅಧಿಕಾರದಲ್ಲಿ ಇದ್ದದ್ದು ಅವರದ್ದೇ ಪಕ್ಷ. ಆ ಮಾರ್ಚಿನ ವರದಿಯಲ್ಲಿ ಭೂಸೇನೆಯ ಉಪಕರಣಗಳಲ್ಲಿ ನೂರಕ್ಕೆ 68 ಪಾಲು ಹಳತಾಗಿವೆ, ಅತ್ಯಾಧುನಿಕ ಅನ್ನುವಂಥದ್ದು 8 ಮಾತ್ರ ಅಂತ ಬರೆದು ಸದನದ ಎದುರಿಗೆ ಇಟ್ಟರು. ಅದೇ ಸೆಪ್ಟೆಂಬರಿನಲ್ಲಿ ಆ ಸ್ಥಾನಕ್ಕೆ ಬೇರೆಯವರು ಬಂದರು. ಅಮರಿಂದರ್ ಸಿಂಗ್ 1984ರಲ್ಲಿ ಅಮೃತಸರದ ಸ್ವರ್ಣಮಂದಿರದೊಳಗೆ ಸೇನೆ ನಡೆಸಿದ ಬ್ಲೂ ಸ್ಟಾರ್ ಕಾರ್ಯಾಚರಣೆಯನ್ನು ವಿರೋಧಿಸಿ ಲೋಕಸಭೆಯನ್ನೂ ಪಕ್ಷವನ್ನೂ ಬಿಟ್ಟು ಹೊರಗೆ ನಡೆದರು. ಅವರ ಮುಂದಿನ ರಾಜಕೀಯ ಬೇರೆ ಮಾತು. ಆ ದಿನ ಮಾತ್ರ ಅವರು ತಮ್ಮ ಆತ್ಮಸಾಕ್ಷಿಯ ಆದೇಶ ಪಾಲಿಸಿದರು.

ನನಗೆ ಇದು ಯಾಕೆ ಇಷ್ಟು ತಾಗುತ್ತದೆ ಅಂದರೆ, ನಾನು 34 ವರ್ಷ ಬ್ಯಾಂಕಿನಲ್ಲಿ ದುಡಿದವ. ಒಂದು ವರ್ಷದ ಅಂತರದಲ್ಲಿ ಈ ಕರಾವಳಿಯಲ್ಲಿ ಹುಟ್ಟಿದ ಮೂರು ಬ್ಯಾಂಕುಗಳ ಹೆಸರು ಬೋರ್ಡಿನಿಂದ ಇಳಿಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರ ಏಪ್ರಿಲ್ 1ಕ್ಕೆ. ನಮ್ಮ ಶಾಖೆಯ ಹಳೆ ಬೋರ್ಡ್ ಇಳಿಸುವಾಗ ಅಟೆಂಡರ್ ಒಬ್ಬರು ಅದನ್ನು ಬಟ್ಟೆಯಲ್ಲಿ ಒರೆಸಿ ಗೋಡೆಗೆ ಒರಗಿಸಿ ಇಟ್ಟರು. ಎಲ್ಲಿಗೂ ತೆಗೆದುಕೊಂಡು ಹೋಗಲಿಕ್ಕಿಲ್ಲದ ಬೋರ್ಡು. ವಿಲೀನ ಬೇಕಿತ್ತೋ ಬೇಡವೋ ಅನ್ನುವುದರಲ್ಲಿ ಎರಡು ಅಭಿಪ್ರಾಯ ಇರಬಹುದು. ಆದರೆ ಆ ಹೊತ್ತಿನಲ್ಲಿ ಎದ್ದು ನಿಂತು ಗಟ್ಟಿಯಾಗಿ ಕೇಳುವ ಒಬ್ಬ ಸಂಸದ ನಮಗೆ ಬೇಕಿತ್ತು.

ಪಕ್ಷೇತರರಿಗೆ ವಿಪ್ ಇಲ್ಲ ನಿಜ. ಆದರೆ ಚರ್ಚೆಯಲ್ಲಿ ಮಾತಾಡುವ ಸಮಯ ಹಂಚುವುದು ಪಕ್ಷದ ಬಲ ನೋಡಿ. ಒಬ್ಬಂಟಿಗೆ ಸಿಗುವುದು ನಿಮಿಷಗಳ ಲೆಕ್ಕದಲ್ಲಿ. ಪ್ರಶ್ನೋತ್ತರಕ್ಕೆ ಮಾತ್ರ ಚೀಟಿ ಎತ್ತುತ್ತಾರೆ, ಅಲ್ಲಿ ಪಕ್ಷೇತರನೂ ಸಮಾನ. ದಿನಕ್ಕೆ 20 ಪ್ರಶ್ನೆಗೆ ಮೌಖಿಕ ಉತ್ತರ, 230ಕ್ಕೆ ಲಿಖಿತ. ಗೆಲ್ಲುವುದೂ ಸುಲಭ ಅಲ್ಲ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅವರು ಪಕ್ಷೇತರರಾಗಿ ಗೆದ್ದಾಗ ಬಿಜೆಪಿ ಅಲ್ಲಿ ಅಭ್ಯರ್ಥಿಯನ್ನೇ ಹಾಕಿರಲಿಲ್ಲ. ನಿಮ್ಮ ಕ್ಷೇತ್ರದಲ್ಲಿ 2024ಕ್ಕೆ ಕೋಟ ಶ್ರೀನಿವಾಸ ಪೂಜಾರಿಯವರ ಅಂತರ ಎರಡೂವರೆ ಲಕ್ಷ ದಾಟಿತ್ತು. ಗೆಲ್ಲುತ್ತೇನೆ ಅಂತ ಹೊರಟರೆ ಕರ್ನಲ್ ಅವರಿಗೆ ನೋವಾಗುತ್ತದೆ. ಕೇಳುತ್ತೇನೆ ಅಂತ ಹೊರಟರೆ ನಾನು ಬಲ್ಮಠದಿಂದ ಬಸ್ಸು ಹತ್ತಿ ಬಂದು ಕರಪತ್ರ ಹಂಚುತ್ತೇನೆ.

ಸೈನಿಕನ ಮನೆಯವಳು, ಬ್ರಹ್ಮಾವರ:
ನಮ್ಮ ಯಜಮಾನರು ಇನ್ನೂ ಸೇವೆಯಲ್ಲಿದ್ದಾರೆ, ಹೆಚ್ಚು ಬರೆಯುವ ಹಾಗಿಲ್ಲ. ಒಂದೇ ವಿಷಯ ಹೇಳುತ್ತೇನೆ. ಅವರೊಟ್ಟಿಗೆ ದಂಡು ಪ್ರದೇಶದಲ್ಲಿ ಇದ್ದಾಗ ನನಗೂ ಅಲ್ಲಿಂದಲೇ ಸೇವಾ ಮತದಾರಳಾಗಿ ಓಟು ಇತ್ತು. ಮತಪತ್ರ ಕಂಪ್ಯೂಟರಿನಲ್ಲಿ ಬರುತ್ತದೆ, ಪಿನ್ ಹಾಕಿ ತೆಗೆದು ಪ್ರಿಂಟ್ ಮಾಡಬೇಕು. ಗುರುತು ಹಾಕಿ ಒಂದು ಲಕೋಟೆ, ಘೋಷಣೆಗೆ ಸಹಿ ಮಾಡಿಸಿ ಅದರ ಹೊರಗೆ ಇನ್ನೊಂದು ಲಕೋಟೆ, ಮತ್ತೆ ಅಂಚೆ. ಎಣಿಕೆಯ ದಿನ ಬೆಳಿಗ್ಗೆ ಎಂಟು ಗಂಟೆಯ ಒಳಗೆ ಉಡುಪಿಗೆ ಮುಟ್ಟಿದರೆ ಲೆಕ್ಕಕ್ಕೆ. ನಾನು ಗೋಂದು ಒಣಗುವ ತನಕ ಲಕೋಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಕೂತಿದ್ದೆ. ಪಕ್ಕದ ಮನೆಯವಳು ಪಂಜಾಬಿನವಳು, ಅವಳೂ ಹಾಗೆಯೇ ಕೂತಿದ್ದಳು. ಯಾರಿಗೆ ಅಂತ ನಾವು ಒಬ್ಬರನ್ನೊಬ್ಬರು ಕೇಳಲಿಲ್ಲ, ಅಲ್ಲಿ ಯಾರೂ ಕೇಳುವುದಿಲ್ಲ.

ಹಾಗಾಗಿ ಕರ್ನಲ್ ಅವರು ನಿಲ್ಲುವುದಾದರೆ ನಿಲ್ಲಲಿ. "ಸೇನೆಯವರೆಲ್ಲ ನನ್ನ ಕಡೆ" ಅಂತ ಮಾತ್ರ ಹೇಳಬಾರದು, ಬೇರೆಯವರಿಂದ ಹೇಳಿಸಲೂಬಾರದು. ಆ ಲಕೋಟೆಯೊಳಗೆ ಇದ್ದದ್ದು ನನ್ನೊಬ್ಬಳ ಓಟು.

ಕಾಪು ಕಡಲು:
ಎರಡು ದಿನ ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮೆ ಇರಲಿ. ಮಾವ ಮೊಬೈಲಿನಲ್ಲಿ ಓದುವುದಿಲ್ಲ, ಎಲ್ಲ ಪ್ರಿಂಟ್ ತೆಗೆದು ಕೊಟ್ಟೆ. ಜಗಲಿಯಲ್ಲಿ ಕೂತು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು.

ಹವಾಲ್ದಾರ್ ಸಾಹೇಬ್ರೇ, ನಿಮ್ಮ ಪ್ರಶ್ನೆಗೆ ಮಾವನ ಉತ್ತರ: ಮೂರು ವರ್ಷದಲ್ಲಿ ನಾಲ್ಕು ಮನೆ. ನಾಲ್ಕೂ ತಮ್ಮದೇ ಯುನಿಟ್‌ನವರದ್ದು. "ಕಡಿಮೆ ಆಯಿತು" ಅಂತ ಅವರೇ ಹೇಳಿದರು. ನಿಮ್ಮ ಮನೆಗೆ ಬರಬಹುದಾ ಅಂತ ಕೇಳಲಿಕ್ಕೆ ಹೇಳಿದ್ದಾರೆ, ಚುನಾವಣೆಯ ಮಾತಿಗೆ ಅಲ್ಲ.

ಬ್ರಹ್ಮಾವರದ ಅಕ್ಕ ಬರೆದದ್ದರ ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಬೈಂದೂರಿನ ತಮ್ಮನಿಗೆ ಕೈಯಲ್ಲೇ ಒಂದು ಪುಟ ಬರೆಯುತ್ತಿದ್ದಾರೆ, ಮುಗಿದ ಮೇಲೆ ಹಾಕುತ್ತೇನೆ. ಬಲ್ಮಠದ ಸರ್ ಕೇಳಿದ ವಿಪ್ ವಿಷಯದ ಪಕ್ಕ ಮಾತ್ರ ಏನೂ ಬರೆದಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಸರ್ವಿಸಿನಲ್ಲಿ ಇರುವಾಗ ತಪ್ಪು ಅಂತ ಗೊತ್ತಿದ್ದೂ ಸುಮ್ಮನೆ ಇದ್ದದ್ದು ಉಂಟಾ?" ಮಾವ ಅನ್ನ ಕಲಸುವುದನ್ನು ನಿಲ್ಲಿಸಿ "ಉಂಟು, ಎರಡು ಸಲ" ಅಂದರು. ಇಷ್ಟು ವರ್ಷದಲ್ಲಿ ಆ ಮಾತು ನಾವು ಯಾರೂ ಕೇಳಿರಲಿಲ್ಲ.

ನಿಲ್ಲುವುದೋ ಬಿಡುವುದೋ ಇನ್ನೂ ತೀರ್ಮಾನ ಮಾಡಿಲ್ಲ. ಎಂಟೂ ವಿಧಾನಸಭಾ ಕ್ಷೇತ್ರಕ್ಕೆ ಬಸ್ಸಿನಲ್ಲೇ ಒಂದೊಂದು ಸಲ ಹೋಗಿ ಬರುತ್ತೇನೆ, ಆಮೇಲೆ ಹೇಳುತ್ತೇನೆ ಅಂದಿದ್ದಾರೆ. ಮೊದಲು ಘಟ್ಟದ ಮೇಲಿನದ್ದು.

ಮಣಿಪಾಲದಲ್ಲಿರುವ ಶೃಂಗೇರಿಯವಳು:
ಈ ಶನಿವಾರ ನಾನೂ ಊರಿಗೆ ಹೋಗುವವಳು, ಬೆಳಿಗ್ಗೆ ಆಗುಂಬೆ ಮೇಲೆ ಹೋಗುವ ಬಸ್ಸಿನಲ್ಲಿ. ಕರ್ನಲ್ ಅವರಿಗೆ ಅದೇ ಬಸ್ಸಿಗೆ ಬರಲಿಕ್ಕೆ ಹೇಳಿ, ಅಪ್ಪನಿಗೆ ಫೋನ್ ಮಾಡಿದ್ದೇನೆ. ಅಪ್ಪನಿಗೆ ಹೇಳಲಿಕ್ಕೆ ಉತ್ತರ ತಯಾರು ಮಾಡಿಕೊಂಡು ಬರುವುದು ಬೇಡ, ತೋಟ ನೋಡಿದ ಮೇಲೆ ಏನು ಅನಿಸಿತೋ ಅದನ್ನು ಹೇಳಿದರೆ ಸಾಕು. ಮಳೆ ಬಿಟ್ಟಿಲ್ಲ, ಇಂಬಳ (ಜಿಗಣೆ) ಉಂಟು. ಗಮ್‌ಬೂಟ್ ಇದ್ದರೆ ಹಾಕಿಕೊಂಡು ಬರಲಿ.